ಬಾಡಿಗೆ ಲೆಕ್ಕ ಬದಲಾಗುತ್ತಿದೆ: ಹಾಬ್ಸ್ ಬಿಟ್ಟು ಟ್ಯಾಕ್‌ಗೆ

ಕ್ಲಬ್ಬಿನ ವಿಮಾನ ಹಾರಿಸುವ ಎಲ್ಲ ಗೆಳೆಯರಿಗೂ ನಮಸ್ಕಾರ.

ಮುಂದಿನ ತಿಂಗಳು 1ರಿಂದ ನಮ್ಮ ಸೆಸ್ನಾ 172ಎನ್‌ನ ಬಾಡಿಗೆಯನ್ನು ಹಾಬ್ಸ್ ಮೀಟರ್ ಬದಲು ಟ್ಯಾಕ್ (ಟ್ಯಾಕೋಮೀಟರ್) ನೋಡಿ ಹಾಕುತ್ತೇವೆ. ಜೊತೆಗೆ ಗಂಟೆಯ ದರ 15 ಡಾಲರ್ ಏರುತ್ತದೆ. ಏರಿದ್ದಕ್ಕೆ ಕಾರಣ ಕೇಳುವುದು ನಿಮ್ಮ ಹಕ್ಕು. ಕಾರಣ ಮೂರು ಬದಲಾವಣೆಗಳು, ಒಂದೊಂದಾಗಿ ಹೇಳುತ್ತೇವೆ.

ಇಂಜಿನ್ ಶುರುವಾದ ಕೂಡಲೇ ಹಾಬ್ಸ್ ಗಡಿಯಾರದ ಹಾಗೆ ಓಡುತ್ತದೆ. ಶನಿವಾರ ಬೆಳಿಗ್ಗೆ ನಮ್ಮ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ ಟೇಕಾಫ್‌ಗೆ ಸಾಲಾಗಿ ನಿಂತಿದ್ದರೂ ದುಡ್ಡು ಏರುತ್ತಲೇ ಇರುತ್ತದೆ. ಆಗ ರನ್-ಅಪ್ (ಹಾರುವ ಮೊದಲಿನ ಇಂಜಿನ್ ಪರೀಕ್ಷೆ) ಬೇಗ ಮುಗಿಸೋಣ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಟ್ಯಾಕ್ ಲೆಕ್ಕ ಹಾಕುವುದು ಇಂಜಿನ್ ಸುತ್ತುಗಳನ್ನು. 1000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1000 ಸುತ್ತು) ನಿಂತಾಗ ಅದು ಅರ್ಧ ವೇಗದಲ್ಲೂ ಓಡುವುದಿಲ್ಲ. ಇನ್ನು ಮೇಲೆ ನಿಧಾನವಾಗಿ ನೋಡಿ, ಮ್ಯಾಗ್ನೆಟೊ (ಇಂಜಿನ್‌ಗೆ ಕಿಡಿ ಕೊಡುವ ಭಾಗ) ಬಗ್ಗೆ ಅನುಮಾನ ಬಂದರೆ ಇನ್ನೊಮ್ಮೆ ನೋಡಿ, ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಬಿಡುವ ನಾಬ್) ಎಳೆದು ಆರ್‌ಪಿಎಂ ನಿಜಕ್ಕೂ ಇಳಿಯಿತಾ ಅಂತ ಕಾಯಿರಿ.

ಕಾರ್ಬ್ ಹೀಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಜನ ತಿಂಡಿಗೆ ಅಂತ ಹಾಫ್ ಮೂನ್ ಬೇ ಊರಿಗೆ ಹಾರುತ್ತಾರೆ. ಸಮುದ್ರದ ಪಕ್ಕ, ಬೇಸಿಗೆಯಲ್ಲೂ ಮಂಜು. ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್ ಒಳಗೆ ಗಾಳಿಯ ಉಷ್ಣತೆ 30 ಡಿಗ್ರಿಗೂ ಜಾಸ್ತಿ ಇಳಿಯಬಹುದು, ಹಾಗಾಗಿ ಹೊರಗೆ 15 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ಇದ್ದರೆ ಸಾಕು, ಒಳಗೆ ಮಂಜುಗಡ್ಡೆ ಕಟ್ಟುತ್ತದೆ, ಅದೂ ಪವರ್ ತೆಗೆದು ಇಳಿಯುವಾಗ ಸುಲಭವಾಗಿ. ಮೊದಲು ಆರ್‌ಪಿಎಂ ಮೆಲ್ಲಗೆ ಜಾರುತ್ತದೆ. ಆಮೇಲೆ ಇಂಜಿನ್ ಒರಟಾಗುತ್ತದೆ. ಆಗ ಕಾರ್ಬ್ ಹೀಟ್ ಎಳೆದರೆ ಕರಗಿದ ನೀರು ಕುಡಿದು ಇಂಜಿನ್ ಇನ್ನೂ ಕೆಟ್ಟದಾಗಿ ಕೆಮ್ಮುತ್ತದೆ, ಎಳೆದದ್ದೇ ತಪ್ಪಾಯಿತು ಅಂತ ಹೆದರಿ ನಾಬ್ ಮತ್ತೆ ಒಳಗೆ ತಳ್ಳುವವರಿದ್ದಾರೆ. ದಯವಿಟ್ಟು ತಳ್ಳಬೇಡಿ. ಪೂರ್ತಿ ಎಳೆದೇ ಇಟ್ಟಿರಿ, ಆರ್‌ಪಿಎಂ ಏರಿ ಇಂಜಿನ್ ನಯವಾಗುವ ತನಕ.

ಎರಡನೆಯ ಬದಲಾವಣೆ ಇಂಧನದ್ದು. ಬೇರೆ ಊರಲ್ಲಿ ಇಂಧನ ಹಾಕಿಸಿದರೆ ಇಲ್ಲಿನ ದರದಷ್ಟೇ ವಾಪಸ್ ಕೊಡುತ್ತಿದ್ದೆವು. ಇನ್ನು ರಸೀದಿಯಲ್ಲಿ ಎಷ್ಟಿದೆಯೋ ಅಷ್ಟೂ ಕೊಡುತ್ತೇವೆ. ಮಾಂಟೆರೆಯಲ್ಲಿ ಗ್ಯಾಲನ್‌ಗೆ ಎರಡು ಡಾಲರ್ ಉಳಿಸಲು ಹೋಗಿ ಯಾರೂ ಅರ್ಧ ಖಾಲಿ ಟ್ಯಾಂಕ್‌ನಲ್ಲಿ ಗುಡ್ಡ ದಾಟಿ ಬರಬೇಕಾಗಿಲ್ಲ. ಟ್ಯಾಂಕ್‌ಗಳಲ್ಲಿ 43 ಗ್ಯಾಲನ್ ಹಿಡಿಸುತ್ತದೆ, ಬಳಕೆಗೆ ಸಿಗುವುದು 40. ಹಗಲು ವಿಎಫ್‌ಆರ್ (ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವ) ಹಾರಾಟಕ್ಕೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಕೇಳುವುದು 30 ನಿಮಿಷದ ಮೀಸಲು, ನಮ್ಮ ಕ್ಲಬ್ ಕೇಳುವುದು ಒಂದು ಗಂಟೆಯದು. ಇಂಧನದ ಗೇಜ್ ನಂಬಬೇಡಿ, ರೆಕ್ಕೆಯ ಟ್ಯಾಂಕ್‌ಗೆ ಅಳತೆಕಡ್ಡಿ ಅದ್ದಿ ನೋಡಿ. ಟ್ಯಾಂಕ್ ಕೆಳಗಿನಿಂದ ಸ್ವಲ್ಪ ಇಂಧನ ತೆಗೆದು ಗಾಜಿನ ಲೋಟ ಬೆಳಕಿಗೆ ಹಿಡಿಯಿರಿ. ತಳದಲ್ಲಿ ಗುಳ್ಳೆಯ ಹಾಗೆ ಬೇರೆಯಾಗಿ ಕೂತಿದ್ದರೆ ಅದು ನೀರು.

ಎಷ್ಟೇ ನೋಡಿದರೂ ಕೆಲವು ದೋಷ ಕಣ್ಣಿಗೆ ಬೀಳುವುದಿಲ್ಲ. 2015ರ ಮಾರ್ಚ್‌ನಲ್ಲಿ ನಟ ಹ್ಯಾರಿಸನ್ ಫೋರ್ಡ್ ಸ್ಯಾಂಟಾ ಮೊನಿಕಾದಿಂದ ತಮ್ಮ ಹಳೆಯ ರಯಾನ್ ವಿಮಾನ ಹಾರಿಸಿದ ಸ್ವಲ್ಪ ಹೊತ್ತಿಗೇ ಇಂಜಿನ್ ಕೈಕೊಟ್ಟಿತು. ರನ್‌ವೇಗೆ ವಾಪಸ್ ತಲುಪಲು ಆಗುವುದಿಲ್ಲ ಅಂತ ಗೊತ್ತಾಗಿ ಹತ್ತಿರದ ಗಾಲ್ಫ್ ಮೈದಾನದಲ್ಲಿ ಇಳಿಸಿದರು. ಗಾಯವಾಯಿತು, ಜೀವ ಉಳಿಯಿತು. ಕಾರ್ಬ್ಯುರೇಟರ್ ಒಳಗಿನ ಜೆಟ್ (ಇಂಧನ ಅಳತೆಯಲ್ಲಿ ಬಿಡುವ ಸಣ್ಣ ಭಾಗ) ಸಡಿಲವಾಗಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಅದಕ್ಕೇ ಮೂರನೆಯದು: ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಬೋಧಕರ ಜೊತೆ ಅರ್ಧ ಗಂಟೆ, ವಿಮಾನದ ಖರ್ಚು ನಮ್ಮದು. ಪವರ್ ತೆಗೆದು 65 ನಾಟ್‌ನಲ್ಲಿ ತೇಲಿಸುವುದು, ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಅಂತ ಲೆಕ್ಕ ಹಿಡಿದು ಜಾಗ ಆರಿಸುವುದು. ಟೇಕಾಫ್ ಆದ ಕೂಡಲೇ ಇಂಜಿನ್ ನಿಂತರೆ ಮೂಗು ತಗ್ಗಿಸಿ ಎದುರಿಗೇ ಇಳಿಸುವುದನ್ನೂ ಬಾಯಲ್ಲಿ ಹೇಳಿಸುತ್ತಾರೆ. ರೀಡ್-ಹಿಲ್‌ವ್ಯೂ ಸುತ್ತ ಎಲ್ಲ ಕಡೆ ಮನೆಗಳಿವೆ, ಯಾವ ತುದಿಯಿಂದ ಹೊರಟರೆ ಎಲ್ಲಿ ಖಾಲಿ ಜಾಗ ಅನ್ನುವುದನ್ನು ನೆಲದ ಮೇಲಿದ್ದಾಗಲೇ ತಿಳಿದಿರಬೇಕು.

ಈಗಾಗಲೇ ಬುಕ್ ಮಾಡಿದ ಹಾರಾಟಗಳಿಗೆ ಹಳೆಯ ದರವೇ. ಟ್ಯಾಕ್ ಲೆಕ್ಕ ಅರ್ಥವಾಗದಿದ್ದರೆ ಹ್ಯಾಂಗರ್‌ಗೆ ಬನ್ನಿ, ನಿಮ್ಮ ಕಳೆದ ಬಿಲ್ ಹಿಡಿದೇ ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ತೋರಿಸುತ್ತೇವೆ.