ಓಶ್‌ಗೆ ರಸ್ತೆಯಲ್ಲೇ ಹೋಗು ಮಾರಾಯ

ಪ್ರೀತಿಯ ಮಂಜು,

ಅಕ್ಕನ ಮಗನನ್ನು ನೋಡಲು ಜುಲೈನಲ್ಲಿ ಕಿರ್ಗಿಸ್ತಾನದ ಓಶ್ ನಗರಕ್ಕೆ ಹೋಗ್ತೀನಿ, ರಾಜಧಾನಿ ಬಿಷ್ಕೆಕ್‌ನಿಂದ ವಿಮಾನ ಹಿಡೀತೀನಿ ಅಂತ ಬರೆದಿದ್ದೀಯ. ದಯವಿಟ್ಟು ಆ ಟಿಕೆಟ್ ಬುಕ್ ಮಾಡಬೇಡ. ವಿಮಾನ ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ, ನಿಜ. ರಸ್ತೆಯಲ್ಲಾದರೆ 600 ಕಿಲೋಮೀಟರಿಗೂ ಜಾಸ್ತಿ, ಇಡೀ ದಿನ ಬೇಕು. ಆದರೆ ಕಿರ್ಗಿಸ್ತಾನದಲ್ಲಿ ನಾನು ಕಂಡದ್ದರಲ್ಲಿ ಮನಸ್ಸಲ್ಲಿ ಉಳಿದಿರುವುದು ಆ ದಾರಿಯೇ.

ಬಿಷ್ಕೆಕ್‌ನಲ್ಲಿ ಶೇರ್ ಟ್ಯಾಕ್ಸಿ ಸಿಗುತ್ತವೆ, ಸೀಟು ತುಂಬಿದ ಮೇಲೆ ಹೊರಡುತ್ತವೆ. ರಾತ್ರಿ ಹೊರಡುವವರ ಜೊತೆ ಮಾತ್ರ ಹೋಗಬೇಡ, ಏನೂ ಕಾಣಿಸುವುದಿಲ್ಲ. ಕಾರಾ ಬಾಲ್ಟಾ ಊರಿನ ಹತ್ತಿರ ದಕ್ಷಿಣಕ್ಕೆ ತಿರುಗಿದರೆ ಬೆಟ್ಟ ಶುರು. ತಿರುವಿನ ಮೇಲೆ ತಿರುವು ಹತ್ತಿ, 3,000 ಮೀಟರಿಗಿಂತ ಎತ್ತರದಲ್ಲಿ ತೋ-ಅಶೂ ಸುರಂಗ ಸಿಗುತ್ತದೆ. ಸೋವಿಯತ್ ಕಾಲದ್ದು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದ, ಇಕ್ಕಟ್ಟು. ಅದನ್ನು ದಾಟಿ ಹೊರಗೆ ಬಂದರೆ ಕೆಳಗೆ ಸುಸಾಮಿರ್ ಬಯಲು, ಕಣ್ಣು ಹಾಯಿಸಿದಷ್ಟೂ ಹುಲ್ಲು, ಕುದುರೆ ಹಿಂಡು, ರಸ್ತೆ ಬದಿಗೆ ಬಿಳಿ ಯುರ್ತ್ ಗುಡಾರಗಳು.

ಅಲ್ಲಿ ಗಾಡಿ ನಿಲ್ಲಿಸಲು ಹೇಳು. ನಾನು ಹೋದಾಗ ಒಂದು ಗುಡಾರದ ಬಾಗಿಲಲ್ಲಿ ಒಬ್ಬ ಅಜ್ಜಿ ಉದ್ದ ಕೋಲಿನಿಂದ ಮರದ ಪೀಪಾಯಿಯಲ್ಲಿ ಕುದುರೆ ಹಾಲು ಕಡೆಯುತ್ತಿದ್ದರು. ಹುಳಿ ಬರಿಸಿದ ಆ ಹಾಲೇ ಕುಮಿಸ್. ಬಟ್ಟಲು ತುಂಬ ಕೊಟ್ಟರು. ಚೆನ್ನಾಗಿ ಹುಳಿ ಬಂದ ಮಜ್ಜಿಗೆಯ ಹಾಗೆ, ಜೊತೆಗೆ ಹೊಗೆಯ ವಾಸನೆ, ಯಾಕಂದ್ರೆ ಪಾತ್ರೆಗೆ ಮೊದಲು ಹೊಗೆ ಹಿಡಿಸುತ್ತಾರೆ. ಮೊದಲ ಗುಟುಕಿಗೆ ಮುಖ ಹಿಂಡಿದೆ, ಮೂರನೆಯದಕ್ಕೆ ಇಷ್ಟವಾಯಿತು. ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆಯೂ ಮಾರುತ್ತಾರೆ, ಕುರುತ್ ಅಂತ. ಒಂದಿಷ್ಟು ಜೇಬಿಗೆ ಹಾಕಿಕೋ.

ಆಮೇಲೆ ಅಲಾ-ಬೆಲ್ ಕಣಿವೆದಾರಿ ಹತ್ತಿ ಇಳಿದರೆ ಚಿಚ್ಕಾನ್ ಹೊಳೆ ಪಕ್ಕದಲ್ಲೇ ಓಡುತ್ತದೆ, ಮರ, ನೆರಳು, ತಂಪು. ಅದು ಮುಗಿದದ್ದೇ ಬೋಳು ಗುಡ್ಡಗಳ ನಡುವೆ ಟೋಕ್ಟೋಗುಲ್ ಜಲಾಶಯ, ನಂಬಲಾಗದಷ್ಟು ನೀಲಿ. ನರಿನ್ ನದಿಗೆ 215 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರು ಅದು. ಅದರಡಿ ಊರುಗಳೂ ಮುಳುಗಿವೆ. ಅದು ಗೊತ್ತಿದ್ದೂ ಆ ನೀಲಿಯನ್ನು ಬರೀ ಚಂದ ಅಂತ ನೋಡುವುದು ನನ್ನಿಂದ ಆಗಲಿಲ್ಲ.

ಕಾರಾ-ಕೋಲ್‌ನಿಂದ ತಾಶ್-ಕೋಮುರ್‌ವರೆಗೆ ನರಿನ್ ಜೊತೆಗೇ ಇರುತ್ತದೆ, ಈಗ ಹಸಿರು ಬಣ್ಣ. ಮುಂದೆ ಬಯಲು, ಹತ್ತಿ ಹೊಲ, ಸೆಕೆ. ಉಜ್ಗೆನ್‌ನಲ್ಲಿ ಕರಾಖಾನಿ ಅರಸರ ಕಾಲದ ಇಟ್ಟಿಗೆ ಮಿನಾರು ಇದೆ, ಅಲ್ಲಿನ ಕೆಂಪು ಛಾಯೆಯ ಅಕ್ಕಿಯ ಪುಲಾವ್ ತಿನ್ನದೆ ಬರಬೇಡ.

ಓಶ್‌ನ ನಡುವೆಯೇ ಸುಲೈಮಾನ್-ತೋ ಬೆಟ್ಟ ಎದ್ದು ನಿಂತಿದೆ. 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ನಮ್ಮ ಇತಿಹಾಸದ ಪಾಠದ ಬಾಬರ್ ಅದರ ಮೇಲೆ ಸಣ್ಣ ಮನೆ ಕಟ್ಟಿಸಿದ್ದ. ಹುಡುಗನನ್ನೂ ಕರೆದುಕೊಂಡು ಸಂಜೆ ಹತ್ತು.

ಹೊರಡುವ ದಿನ ಗೊತ್ತಾದ ಕೂಡಲೇ ತಿಳಿಸು. ಬೆಳಿಗ್ಗೆ ಹೊರಡುವ ಡ್ರೈವರ್ ಒಬ್ಬರ ಹತ್ತಿರ ಮಾತಾಡಿ ಇಡುತ್ತೇನೆ. ಕಿಟಕಿ ಸೀಟು ಬಿಟ್ಟುಕೊಡಬೇಡ.

ನಿನ್ನ,
ರಘು