ಅಪ್ಪನ ದುಡ್ಡು, ಪುಟ್ಟನ ಓಟ, ಅಮ್ಮನ ಬಕೆಟ್ಟು

ನಾಲ್ಡ್‌ವೈಕ್, ನೆದರ್‌ಲ್ಯಾಂಡ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟ,

ಬೆಳಿಗ್ಗೆ ಫೋನಿನಲ್ಲಿ ಮೂರೂ ಜನ ಒಟ್ಟಿಗೆ ಮಾತಾಡಿದಿರಿ, ನನಗೆ ಕೇಳಿಸಿದ್ದು ಅರ್ಧ. ಆಮೇಲೆ ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಮೂರು ಮಾತೂ ಹೋಗಿ ನಿಲ್ಲುವುದು ಅಪ್ಪನಿಗೆ ರಿಟೈರ್ ಆದಾಗ ಬಂದ ಆ 38 ಲಕ್ಷದ ಮುಂದೆ, ಅಲ್ವಾ? ಅಪ್ಪನಿಗೆ ಹಾಸನದ ಸಾಲಗಾಮೆ ರಸ್ತೆ ಕಡೆ ಬಾಡಿಗೆಗೆ ಬಿಡೋಕೆ ಒಂದು ಮನೆ ಬೇಕು. ಪುಟ್ಟನಿಗೆ ಮಿಲಿಟರಿ ಕೋಚಿಂಗ್‌ಗೆ 45 ಸಾವಿರ ಬೇಕು. ಅಮ್ಮನಿಗೆ ಯಾರೋ ಬಂದು 1.8 ಲಕ್ಷ ಕೊಡಿ, ತಾರಸಿ ಮೇಲೆ ಮಣ್ಣೇ ಇಲ್ಲದ ತೋಟ ಮಾಡಿಕೊಡುತ್ತೇವೆ ಅಂದಿದ್ದಾರೆ. ಫೋನಲ್ಲಿ ಹೇಳಿದರೆ ಜಗಳ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟ, ಇದನ್ನು ಅಮ್ಮನಿಗೆ ಓದಿ ಹೇಳು. ನಿನ್ನ ವಿಷಯ ಬಂದಾಗ ಹಾರಿಸಬೇಡ.

ಅಪ್ಪ, ಮೊದಲು ನಿಮ್ಮದು. ಕೋಪ ಮಾಡ್ಕೋಬೇಡಿ, ನೀವೇ ನನಗೆ ಕಲಿಸಿದ ಲೆಕ್ಕ ಇದು. ಆ ಮನೆಗೆ 62 ಲಕ್ಷ ಹೇಳುತ್ತಿದ್ದಾರೆ. ಎರಡು ಪೋರ್ಷನ್, ಒಂದೊಂದಕ್ಕೆ 9 ಸಾವಿರ ಬಾಡಿಗೆ. ತಿಂಗಳಿಗೆ 18 ಸಾವಿರ, ವರ್ಷಕ್ಕೆ 2.16 ಲಕ್ಷ. ಕೇಳೋಕೆ ಚೆನ್ನಾಗಿದೆ. ಆದರೆ ವರ್ಷದಲ್ಲಿ ಒಂದು ತಿಂಗಳಾದರೂ ಮನೆ ಖಾಲಿ ಇರುತ್ತೆ, ಇಂಜಿನಿಯರಿಂಗ್ ಕಾಲೇಜಿನ ಹುಡುಗರನ್ನು ನಂಬಿಕೊಂಡರೆ ಪರೀಕ್ಷೆ ಮುಗಿದ ಮಾರನೇ ದಿನ ಗಂಟುಮೂಟೆ ಕಟ್ಟುತ್ತಾರೆ. ಕಂದಾಯ, ಸುಣ್ಣಬಣ್ಣ, ಸಂಪಿನ ಮೋಟಾರು, ಸೋರೋ ನಲ್ಲಿ, ಎಲ್ಲ ಸೇರಿ ವರ್ಷಕ್ಕೆ 25 ಸಾವಿರ ಇಟ್ಟುಕೊಳ್ಳಿ. ಕೈಗೆ ಉಳಿಯೋದು 1.73 ಲಕ್ಷ. 62 ಲಕ್ಷಕ್ಕೆ ಅದು ನೂರಕ್ಕೆ ಮೂರು ರೂಪಾಯಿಯೂ ಆಗಲಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ನಾನು ಇದಕ್ಕೆ ಇನ್ನೂ ಸೇರಿಸಿಲ್ಲ.

ಇನ್ನು ಉಳಿದ 24 ಲಕ್ಷ ಬ್ಯಾಂಕ್ ಸಾಲ ಅಂದಿರಿ. ಒಂಬತ್ತು ಪರ್ಸೆಂಟ್ ಅಂತ ಇಟ್ಟುಕೊಂಡರೂ ಮೊದಲ ವರ್ಷದ ಬಡ್ಡಿಯೇ ಎರಡು ಲಕ್ಷದ ಮೇಲೆ. ಅಂದರೆ ಎರಡು ಪೋರ್ಷನ್ನಿನ ಬಾಡಿಗೆ ಪೂರ್ತಿ ಬ್ಯಾಂಕಿಗೆ ಹೋಯಿತು. ಹತ್ತು ವರ್ಷದ ಕಂತು ಮಾಡಿದರೆ ತಿಂಗಳಿಗೆ 30 ಸಾವಿರ ದಾಟುತ್ತೆ. ಬಾಡಿಗೆ ಬರೋದು 18, ಮಿಕ್ಕಿದ್ದು ನಿಮ್ಮ ಪಿಂಚಣಿಯಿಂದ. 70 ವರ್ಷದವರೆಗೆ ಬಾಡಿಗೆದಾರರ ಕೊಳಾಯಿ ರಿಪೇರಿ ಮಾಡಿಸಿಕೊಂಡು ಇರೋಕಾ ನೀವು ರಿಟೈರ್ ಆಗಿದ್ದು?

ಜಾಗದ ಬೆಲೆ ಏರುತ್ತೆ ಅಂತೀರಿ. ಏರಬಹುದು, ಇಲ್ಲ ಅನ್ನಲ್ಲ. ಆದರೆ ಏರಿದ ಬೆಲೆ ಕೈಗೆ ಬರೋದು ಮನೆ ಮಾರಿದಾಗ, ಮತ್ತೆ ನೀವು ಮಾರೋ ಪೈಕಿ ಅಲ್ಲ. ಸೈಕಲ್ಲನ್ನೇ ಇನ್ನೂ ಮಾರಿಲ್ಲ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆಯಲ್ಲ, ಅದರಲ್ಲಿ 30 ಲಕ್ಷದವರೆಗೆ ಇಡಬಹುದು, ಐದು ವರ್ಷಕ್ಕೆ. ನಾನು ನೋಡಿದಾಗ ಬಡ್ಡಿ 8.2 ಪರ್ಸೆಂಟ್ ಇತ್ತು. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬಂದು ಬೀಳುತ್ತೆ. ಆ ಬಡ್ಡಿಗೆ ತೆರಿಗೆ ಇದೆ, ನಿಜ. ಬಾಡಿಗೆಗೂ ಇದೆ, ಆದರೆ ಅಲ್ಲಿ ಒಂದು ಅನುಕೂಲ ಇದೆ. ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ 30 ಪರ್ಸೆಂಟನ್ನು ರಿಪೇರಿ ಮಾಡಿಸಿರಲಿ ಬಿಡಲಿ ಹಾಗೇ ಬಿಟ್ಟುಬಿಡುತ್ತಾರೆ, ಮಿಕ್ಕಿದ್ದಕ್ಕೆ ಮಾತ್ರ ತೆರಿಗೆ.

ಹಾಗಂತ ಬಾಡಿಗೆ ಆಸೆಯೇ ಬೇಡ ಅನ್ನುತ್ತಿಲ್ಲ. ನಮ್ಮ ಮನೆ ಮೇಲೆ ಆರು ಚದರದ ಒಂದು ಪೋರ್ಷನ್ ಎಳೆಯಬಹುದಲ್ಲ. ಚದರಕ್ಕೆ ಎರಡು ಲಕ್ಷ ಹಿಡಿದರೂ 12 ಲಕ್ಷ. 8 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 96 ಸಾವಿರ, ನೂರಕ್ಕೆ ಎಂಟು. ಅಲ್ಲಿ ಮೂರೂ ಇಲ್ಲ, ಇಲ್ಲಿ ಎಂಟು ಯಾಕೆ? ಸೈಟು ನಮ್ಮದೇ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸಾಲವೂ ಬೇಡ. ಕೆಳಗಡೆ ನೀವೇ ಇರುತ್ತೀರಿ, ಯಾರು ಬಂದರು ಹೋದರು ಗೊತ್ತಾಗುತ್ತೆ. ಆದರೆ ಪಾಯ, ಪಿಲ್ಲರು ಮೇಲಿನ ಭಾರ ತಡೆಯುತ್ತಾ ಅಂತ ಇಂಜಿನಿಯರ್ ಹತ್ತಿರ ತೋರಿಸಿ. ಮೇಸ್ತ್ರಿ "ಏನೂ ಆಗಲ್ಲ ಸಾರ್" ಅಂದಿದ್ದನ್ನು ಲೆಕ್ಕಕ್ಕೆ ತಗೋಬೇಡಿ, ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಾರೆ. ನಕ್ಷೆಗೆ ಅನುಮತಿಯನ್ನೂ ಮೊದಲೇ ತಗೊಳ್ಳಿ.

ಇಷ್ಟು ಹೇಳಿದ ಮೇಲೂ ಆ ಮನೆಯೇ ಬೇಕು ಅಂದರೆ, ಟೋಕನ್ ಕೊಡೋ ಮೊದಲು ಕಾಗದ ನೋಡಿ. ಕನಿಷ್ಠ 30 ವರ್ಷದ ಇ.ಸಿ., ಅಂದರೆ ಜಾಗದ ಮೇಲಿನ ಋಣ ತೋರಿಸೋ ಪತ್ರ, ತೆಗೆಸಿ, ಮೂಲ ಪತ್ರ, ಭೂ ಪರಿವರ್ತನೆ ಆದೇಶ, ಇ-ಖಾತೆ ಎಲ್ಲ ನೋಡಿ. "ರೆವಿನ್ಯೂ ಸೈಟ್ ಆದರೇನು, ಎಲ್ಲರೂ ತಗೊಂಡಿಲ್ವಾ" ಅಂತ ಬ್ರೋಕರ್ ಹೇಳಿದನಂತಲ್ಲ, ಆ ಒಂದು ಮಾತು ಸಾಕು ನನಗೆ ಹೆದರೋಕೆ. ಪರಿವರ್ತನೆ ಆಗದ ಹೊಲದಲ್ಲಿ ಮನೆ ಕಟ್ಟಿದ್ದರೆ ಬ್ಯಾಂಕ್ ಸಾಲವೂ ಕಷ್ಟ, ನಾಳೆ ಮಾರೋದೂ ಕಷ್ಟ.

ಯಾವ ಮನೆಯಾದರೂ ಭೋಗ್ಯಕ್ಕೆ ಮಾತ್ರ ಬಿಡಬೇಡಿ. ಹಿಂದಿನ ಬೀದಿಯವರು 6 ಲಕ್ಷ ತಗೊಂಡು ಮಗಳ ಮದುವೆಗೆ ಖರ್ಚು ಮಾಡಿದ್ದು, ಮೂರು ವರ್ಷ ಆದಮೇಲೆ ವಾಪಸ್ ಕೊಡೋಕೆ ಒಡವೆ ಅಡ ಇಟ್ಟಿದ್ದು ನೆನಪಿದೆಯಲ್ಲ? ಭೋಗ್ಯದ ದುಡ್ಡು ಆದಾಯ ಅಲ್ಲ ಅಪ್ಪ, ಸಾಲ. ಹನ್ನೊಂದು ತಿಂಗಳ ಕರಾರು ಮಾಡಿ, ಒಂದು ವರ್ಷಕ್ಕಿಂತ ಜಾಸ್ತಿ ಮಾಡಿದರೆ ನೋಂದಣಿ ಮಾಡಿಸಲೇಬೇಕು. ಬಾಡಿಗೆದಾರರು ಬರುವ ದಿನ ಗೋಡೆ, ನಲ್ಲಿ, ಕಿಟಕಿ ಎಲ್ಲದರ ಫೋಟೋ ತೆಗೆದು ಅವರಿಗೂ ಕಳಿಸಿ. ನಾನು ಇಲ್ಲಿ ಬಾಡಿಗೆಗೆ ಬಂದಾಗ ಓನರ್ ಹಾಗೇ ಮಾಡಿದ್ದರು. ಆಗ ಎಷ್ಟು ಅನುಮಾನದ ಜನಾನೋ ಅನ್ನಿಸಿತ್ತು, ಬಿಡೋವಾಗ ಮಾತೇ ಬರಲಿಲ್ಲ, ಅಡ್ವಾನ್ಸ್ ಪೂರ್ತಿ ವಾಪಸ್ ಬಂತು. ಅಡ್ವಾನ್ಸ್ ಅಂದರೂ ಇಲ್ಲಿ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, 2023ರಿಂದ ಕಾನೂನೇ ಇದೆ.

ಈಗ ಪುಟ್ಟ. ಸೇನೆಗೆ ಹೋಗ್ತೀನಿ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ ಕಣೋ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗೋ ಶನಿವಾರಸಂತೆಯಲ್ಲಿ ಹುಟ್ಟಿದ ಕಾರಿಯಪ್ಪನವರೇ 1949ರ ಜನವರಿ 15ಕ್ಕೆ ಸೇನೆಯ ಮೊದಲ ಭಾರತೀಯ ದಂಡನಾಯಕರಾಗಿದ್ದು. ಆದರೆ ನೀನು ಬಾಯಲ್ಲಿ ಹೇಳ್ತಿರೋದು ಸೇನೆ, ಹೋಗ್ತಿರೋದು ಅಗ್ನಿವೀರಕ್ಕೆ. ಎರಡಕ್ಕೂ ವ್ಯತ್ಯಾಸ ಅಮ್ಮನಿಗೆ ಸರಿಯಾಗಿ ಹೇಳು. 2022ರಲ್ಲಿ ಶುರುವಾದ ಯೋಜನೆ, ನಾಲ್ಕು ವರ್ಷದ ಕೆಲಸ. ಮೊದಲ ವರ್ಷ ಸಂಬಳ 30 ಸಾವಿರ, ಅದರಲ್ಲಿ 30 ಪರ್ಸೆಂಟ್ ಸೇವಾ ನಿಧಿಗೆ ಹೋಗಿ ಕೈಗೆ 21 ಸಾವಿರ. ನಾಲ್ಕನೇ ವರ್ಷಕ್ಕೆ ಸಂಬಳ 40 ಸಾವಿರ. ಸೇವಾ ನಿಧಿಗೆ ಸರ್ಕಾರವೂ ನಿನ್ನಷ್ಟೇ ಹಾಕಿ, ಕೊನೆಗೆ ಬಡ್ಡಿ ಸೇರಿ ಸುಮಾರು 11.7 ಲಕ್ಷ ತೆರಿಗೆ ಇಲ್ಲದೆ ಕೊಡುತ್ತಾರೆ. ಅದಾದ ಮೇಲೆ ಖಾಯಂ ಆಗೋದು ಹೆಚ್ಚೆಂದರೆ ನೂರಕ್ಕೆ 25 ಜನ. ಉಳಿದವರು ಮನೆಗೆ, ಪಿಂಚಣಿ ಇಲ್ಲ. ನಿನಗೆ ಆಗ 24 ವಯಸ್ಸು, ಕೈಯಲ್ಲಿ ಡಿಗ್ರಿ ಇಲ್ಲ. ಇದು ಕೆಟ್ಟದ್ದು ಅಂತಲ್ಲ, ತಿಳಿದು ಹೋಗು ಅಂತ.

ನನ್ನನ್ನು ಕೇಳಿದರೆ ಡಿಗ್ರಿ ಮುಗಿಸಿ ಸಿ.ಡಿ.ಎಸ್. ಬರಿ, ಸೇನೆಗೆ ಅಧಿಕಾರಿಗಳನ್ನು ಆರಿಸೋ ಪರೀಕ್ಷೆ. ಅದನ್ನು ಯು.ಪಿ.ಎಸ್.ಸಿ. ವರ್ಷಕ್ಕೆ ಎರಡು ಸಲ ನಡೆಸುತ್ತೆ, ಪಾಸಾದರೆ ಸೇನೆಯ ಆಯ್ಕೆ ಮಂಡಳಿ ಎಸ್.ಎಸ್.ಬಿ.ಯ ಸಂದರ್ಶನ, ಅದಕ್ಕೆ ಬೆಂಗಳೂರಿನಲ್ಲೇ ಒಂದು ಕೇಂದ್ರ ಇದೆ. ಅಫೀಸರ್ ಆಗಿ ಹೋಗ್ತೀಯ. ಪೇಪರ್ ಓದೋ ಅಭ್ಯಾಸ ಬೇಕು, ಅದೇ ನಿನಗೆ ಬರೋದಿಲ್ಲ ಅನ್ನೋದು ಬೇರೆ ಮಾತು.

ಇಲ್ಲ, ಅಗ್ನಿವೀರವೇ ಅಂದರೆ 45 ಸಾವಿರ ಯಾಕೆ? ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಅದು ಆದಮೇಲೆ ರ‍್ಯಾಲಿ. ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ, ಐದೂವರೆ ನಿಮಿಷದೊಳಗೆ ಮುಗಿಸಿದರೆ 60ಕ್ಕೆ 60. ಹತ್ತು ಪುಲ್‌ಅಪ್‌ಗೆ 40. ಆಮೇಲೆ ಒಂಬತ್ತು ಅಡಿ ಹಳ್ಳ ಹಾರಬೇಕು, ಹಲಗೆ ಮೇಲೆ ಬೀಳದೆ ನಡೀಬೇಕು. ಸ್ಟೇಡಿಯಂ ಟ್ರ್ಯಾಕ್ 400 ಮೀಟರ್, ಅಂದರೆ ನಾಲ್ಕು ಸುತ್ತು, ಸುತ್ತಿಗೆ 82 ಸೆಕೆಂಡ್. ಎಲ್ಲರೂ ಮೊದಲ ಸುತ್ತನ್ನು 70ಕ್ಕೆ ಓಡಿ ಮೂರನೇ ಸುತ್ತಲ್ಲಿ ಸೊಂಟ ಹಿಡ್ಕೊಂಡು ನಿಲ್ಲುತ್ತಾರೆ, ನೀನೂ ಹಾಗೇ ಮಾಡ್ತೀಯ ಅಂತ ನನಗೆ ಗೊತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಮೂರು ತಿಂಗಳು ಓಡು, ಹಾಸನದ ಚಳಿಗೆ ಹೆದರೋನು ಸಿಯಾಚಿನ್‌ಗೆ ಹೋಗ್ತಾನಾ? ಅಷ್ಟು ದಿನ ಎದ್ದರೆ ಪುಸ್ತಕ, ಶೂ ಎಲ್ಲ ನಾನೇ ಕೊಡಿಸ್ತೀನಿ. ಅದಕ್ಕೆ ಮುಂಚೆ ಒಂದು ಸಲ ಡಾಕ್ಟರ್ ಹತ್ತಿರ ಕಣ್ಣು, ಬಣ್ಣ ಗುರುತಿಸೋದು, ಕಿವಿ, ಚಪ್ಪಟೆ ಪಾದ, ಮಂಡಿ ತೋರಿಸಿಕೋ. ವರ್ಷಗಟ್ಟಲೆ ಓಡಿ ಮೆಡಿಕಲ್‌ನಲ್ಲಿ ವಾಪಸ್ ಬರೋದು ಬೇಡ. ವಯಸ್ಸಿನ ಮಿತಿಯನ್ನು ಆ ವರ್ಷದ ಅಧಿಸೂಚನೆಯಲ್ಲೇ ನೋಡು, ಗೆಳೆಯರ ಬಾಯಿಂದ ಕೇಳಬೇಡ. "ಒಳಗಡೆ ಜನ ಇದ್ದಾರೆ, ದುಡ್ಡು ಕೊಟ್ಟರೆ ಆಗುತ್ತೆ" ಅಂದವನ ನಂಬರನ್ನು ಅಲ್ಲೇ ಬ್ಲಾಕ್ ಮಾಡು. ಇನ್ನೊಂದು, ಕುತ್ತಿಗೆ ಮೇಲೆ ಟ್ಯಾಟೂ ಹಾಕಿಸ್ತೀನಿ ಅಂತಿದ್ದೆಯಲ್ಲ, ಸುಮ್ನೆ ಇರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಭಾಗ, ಅಂಗೈ ಹಿಂಭಾಗ ಬಿಟ್ಟು ಬೇರೆ ಕಡೆ ಇದ್ದರೆ ಸಾಮಾನ್ಯವಾಗಿ ತಗೊಳ್ಳೋದಿಲ್ಲ.

ಅಮ್ಮಾ, ನಿನ್ನದು ಕೊನೆಗೆ ಇಟ್ಟಿದ್ದು ಬೇಕಂತಲೇ. ಇದೇ ನನ್ನ ಕೆಲಸ, ಬರೆಯೋಕೆ ಶುರು ಮಾಡಿದರೆ ನಿಲ್ಲಿಸೋದಿಲ್ಲ. ನಾನು ದಿನಾ ನಿಂತಿರೋ ಗಾಜಿನ ಮನೆಯಲ್ಲಿ ಟೊಮೆಟೊ ಬಳ್ಳಿಗಳಿಗೆ ಒಂದು ಹಿಡಿ ಮಣ್ಣೂ ಇಲ್ಲ. ಕೆಲವು ಸಾಲಿಗೆ ರಾಕ್‌ವೂಲ್, ಅಂದರೆ ಕಲ್ಲು ಕರಗಿಸಿ ಹತ್ತಿಯ ಹಾಗೆ ಮಾಡಿದ ಹಾಸು, ಕೆಲವಕ್ಕೆ ತೆಂಗಿನ ನಾರಿನ ಪುಡಿ ತುಂಬಿದ ಚೀಲ, ಅದೇ ಕೋಕೋಪೀಟ್. ಮೊದಲ ಸಲ ಆ ಚೀಲಕ್ಕೆ ನೀರು ಬಿಟ್ಟಾಗ ಬಂದ ವಾಸನೆ ಥೇಟ್ ಅರಸೀಕೆರೆ ಅತ್ತೆ ಮನೆಯ ಹಿತ್ತಲಿನದ್ದು. ಅಲ್ಲೇ ಕಣ್ಣಲ್ಲಿ ನೀರು ಬಂತು, ಪಕ್ಕದಲ್ಲಿದ್ದವಳು ಏನಾಯಿತು ಅಂದಳು. ತೆಂಗಿನ ಸಿಪ್ಪೆ ಅಂದೆ. ಅವಳಿಗೇನು ಅರ್ಥ ಆಗಬೇಕು.

ಆ 1.8 ಲಕ್ಷದ ಪೈಪುಗಳು ಬೇಡಮ್ಮ. ಕೊತ್ತಂಬರಿ ಕಟ್ಟು ಹತ್ತು ರೂಪಾಯಿ ಅಂದರೆ ಹದಿನೆಂಟು ಸಾವಿರ ಕಟ್ಟು ಆಯಿತು, ನಾವು ನಾಲ್ಕು ಜನ ಎಷ್ಟು ಜನ್ಮ ತಿನ್ನಬೇಕು? ಬೆಳೆದಿದ್ದನ್ನು ಅವರೇ ಕೊಂಡುಕೊಳ್ಳುತ್ತಾರಂತೆ ಅಂತ ನೀನು ಅಂದೆ, ಆ ಮಾತು ಕಾಗದದಲ್ಲಿ ಇದೆಯಾ ಕೇಳು. ಪೈಪಿನ ವ್ಯವಸ್ಥೆಯಲ್ಲಿ ಬೇರಿಗೆ ನೀರು ಸದಾ ಹರೀತಿರಬೇಕು. ಬೇಸಿಗೆ ಮಧ್ಯಾಹ್ನ ಒಂದು ಗಂಟೆ ಕರೆಂಟು ಹೋದರೆ ಗಿಡ ಬಾಡಿ ಮಲಗುತ್ತೆ. ನಮ್ಮ ಕರೆಂಟು ನಿನಗೆ ಗೊತ್ತಲ್ಲ. ಮತ್ತೆ ಅಪ್ಪ ಮೇಲೆ ಪೋರ್ಷನ್ ಎತ್ತಿದರೆ ಅದನ್ನೆಲ್ಲ ಕಿತ್ತು ಎಲ್ಲಿ ಇಡ್ತೀಯ?

ಒಂದು ಬಕೆಟ್ಟಿನಿಂದ ಶುರು ಮಾಡು. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಅನ್ನೋರು ಬಳಕೆಗೆ ತಂದ ವಿಧಾನ, ಮೋಟಾರೂ ಬೇಡ ಕರೆಂಟೂ ಬೇಡ. ಹಳೇ ಪೇಂಟ್ ಬಕೆಟ್ ಚೆನ್ನಾಗಿ ತೊಳೆದು ಮುಚ್ಚಳಕ್ಕೆ ತೂತು ಮಾಡು. ತೂತಿನಲ್ಲಿ ತಳ ತೂತಾದ ಚಿಕ್ಕ ಲೋಟ, ಅದರಲ್ಲಿ ಕೋಕೋಪೀಟ್, ಸಸಿ. ನೀರು ಲೋಟದ ತಳಕ್ಕೆ ತಾಗೋ ಅಷ್ಟು. ಗಿಡ ಕುಡಿದ ಹಾಗೆ ನೀರು ಇಳಿಯುತ್ತೆ, ಮೇಲಿನ ಬೇರಿಗೆ ಗಾಳಿ ಸಿಗುತ್ತೆ, ಕೆಳಗಿನದು ನೀರಲ್ಲಿರುತ್ತೆ. ನೀರು ಕಡಿಮೆ ಆಯಿತು ಅಂತ ಮತ್ತೆ ಬಾಯಿವರೆಗೂ ತುಂಬಬೇಡ, ಗಾಳಿ ಕುಡೀತಿದ್ದ ಬೇರು ಮುಳುಗಿ ಕೊಳೆಯುತ್ತೆ. ಪುದೀನ, ಪಾಲಕ್‌ನಿಂದ ಶುರು ಮಾಡು. ಟೊಮೆಟೊ ಆಮೇಲೆ, ಅದು ನೀರು ಗೊಬ್ಬರ ಎರಡನ್ನೂ ಜಾಸ್ತಿ ಕೇಳುತ್ತೆ.

ಬಕೆಟ್ಟಿನೊಳಗೆ ಬೆಳಕು ಹೋಗಬಾರದು. ನಾನು ಇಲ್ಲಿ ಕಿಟಕಿ ಮೇಲೆ ಪಾರದರ್ಶಕ ಡಬ್ಬಿ ಇಟ್ಟು ಎರಡು ವಾರದಲ್ಲಿ ಪಾಚಿ ಸೂಪು ಮಾಡಿದ್ದೆ. ಮುಚ್ಚಳದಲ್ಲಿ ಸಂದೂ ಇರಬಾರದು, ಸೊಳ್ಳೆ ಮೊಟ್ಟೆ ಇಟ್ಟರೆ ಡೆಂಗಿ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಎರಡು ಮೂರು ಸಲ ಹಿಂಡಿ ತೊಳೆ, ಅದರಲ್ಲಿ ಉಪ್ಪಿರುತ್ತೆ. ಬೋರ್‌ವೆಲ್ ಗಡಸು ನೀರಿಗಿಂತ ಮಳೆ ನೀರು ಎಷ್ಟೋ ಮೇಲು.

ಗೊಬ್ಬರದ ವಿಷಯ ಗಟ್ಟಿಯಾಗಿ ಓದು ಪುಟ್ಟ. ಯೂರಿಯಾ ಹಾಕಬೇಡಿ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಗಿಡಕ್ಕೆ ಬೇಕಾದ ಹಾಗೆ ಬದಲಾಯಿಸುತ್ತವೆ, ಬರೀ ನೀರಲ್ಲಿ ಆ ಕೆಲಸ ಮಾಡೋರು ಇಲ್ಲ. ಸಗಣಿ ನೀರೂ ಬೇಡ, ನಾರುತ್ತೆ, ಬೇರು ಕೊಳೆಯುತ್ತೆ. ಹೈಡ್ರೋಪೋನಿಕ್ಸ್, ಅಂದರೆ ಈ ಮಣ್ಣಿಲ್ಲದ ಬೇಸಾಯದ ಗೊಬ್ಬರ ಎ, ಬಿ ಅಂತ ಎರಡು ಬಾಟಲಿಯಲ್ಲಿ ಬರುತ್ತೆ. ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡ, ಒಂದರ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟ್ ಸೇರಿ ಬಿಳೀ ಮಡ್ಡಿ ಕಟ್ಟುತ್ತೆ. ಒಂದನ್ನು ಬಕೆಟ್ ನೀರಿಗೆ ಹಾಕಿ ಕಲಕಿ, ಆಮೇಲೆ ಇನ್ನೊಂದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತಪ್ಪು ಮಾಡಿ ಒಂದು ಸಾಲಿನ ಹನಿ ನಳಿಕೆ ಪೂರ್ತಿ ಕಟ್ಟಿಕೊಂಡಿತ್ತು, ಒಂದೊಂದೇ ಬಿಚ್ಚಿ ತೊಳೆಯೋಕೆ ಎರಡು ದಿನ. ನೀರಿನ ಹುಳಿ-ಕ್ಷಾರದ ಅಳತೆ ಪಿಎಚ್ 5.5ರಿಂದ 6.5 ಇರಲಿ. ಸೊಪ್ಪಿಗೆ ಇ.ಸಿ. 1.2ರಿಂದ 1.8. ಹೌದಪ್ಪ, ಇಲ್ಲೂ ಒಂದು ಇ.ಸಿ. ಇದೆ. ನಿಮ್ಮದು ಜಾಗದ ಮೇಲಿನ ಋಣ ತೋರಿಸುತ್ತೆ, ನಮ್ಮದು ನೀರಲ್ಲಿ ಕರಗಿದ ಉಪ್ಪು. ಅಳೆಯೋ ಪೆನ್ನು ಮುಂದಿನ ತಿಂಗಳು ಬರೋ ಗೆಳತಿ ಕೈಲಿ ಕಳಿಸ್ತೀನಿ.

ಅವಳು ವಾಪಸ್ ಬರೋವಾಗ ಅವಳ ಕೈಲಿ ಹುರಳಿ ಚಟ್ನಿಪುಡಿ ಕಳಿಸಮ್ಮ, ಹೋದ ಸಲದ್ದು ಮುಗಿದು ಡಬ್ಬಿ ಮೂಸಿ ನೋಡ್ತಿದ್ದೀನಿ. ಅಪ್ಪ, ನಾಳೆ ಬ್ರೋಕರ್ ಬಂದರೆ ಊರಲ್ಲಿಲ್ಲ ಅನ್ನಿ. ಇ.ಸಿ. ತೆಗೆಸಿ ಫೋಟೋ ಕಳಿಸಿ, ನೋಡಿ ಭಾನುವಾರ ಫೋನ್ ಮಾಡ್ತೀನಿ. ಪುಟ್ಟ, ಅಷ್ಟರೊಳಗೆ ನಾಲ್ಕು ಸುತ್ತಿನ ಟೈಮು ಬರೆದಿಟ್ಟಿರು. ಸುಳ್ಳು ಬರೀಬೇಡ.

ಇಂತಿ ನಿಮ್ಮ ಮಗಳು