ಹಳೇ ಡಿಸ್ಕಿನ ಕೇಬಲ್ ಬಿಚ್ಚಿಡು

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ಮನೆಯ ಸಮಾಚಾರ ನಿನ್ನಮ್ಮ ಹೇಳಿರುತ್ತಾಳೆ, ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದದ ಕೊನೆಯ ಸಾಲುಗಳು ಮನಸ್ಸಿಗೆ ಹತ್ತಿಕೊಂಡು ಕೂತಿವೆ. "ಫೋಟೊ ಇರೋ ಹಳೇ ಡಿಸ್ಕ್ ಯಾವತ್ತಾದರೂ ಕೈಕೊಟ್ಟರೆ ಅಂತ ಹೆದರಿಕೆ. ಅದಕ್ಕೇ ಹೊಸ ಮೂರರ ಜೊತೆ ಅದನ್ನೂ ಅಳಿಸಿ ಸೇರಿಸಿ ರೇಡ್ 5 ಮಾಡಿಬಿಡ್ತೀನಿ" ಎಂದಿದ್ದೀಯ. ಅಂದರೆ ನಾಲ್ಕು ಡಿಸ್ಕನ್ನೂ ಒಂದೇ ದೊಡ್ಡ ಡಿಸ್ಕಿನಂತೆ ಹೆಣೆದು, ಒಂದು ಸತ್ತರೂ ಉಳಿದವು ಮಾಹಿತಿ ಕಾಪಾಡುವ ಏರ್ಪಾಡು. ನಿನ್ನ ಹೆದರಿಕೆ ಸರಿ. ಅದಕ್ಕೆ ನೀನು ಹುಡುಕಿದ ಮದ್ದೇ ನನ್ನ ನಿದ್ದೆ ಕೆಡಿಸಿದ್ದು.

ಹೇಗೆ ಮಾಡಲು ಹೊರಟಿದ್ದೀಯ ಎಂದು ಊಹಿಸಬಲ್ಲೆ. ಲಿನಕ್ಸಿನಲ್ಲಿ ರೇಡ್ ಕಟ್ಟುವ ಎಂಡಿಎಡಿಎಂ ಎಂಬ ಸಾಧನಕ್ಕೆ ನಾಲ್ಕು ಡಿಸ್ಕಿನ ರೇಡ್ ಎಂದು ಹೇಳಿ, ನಾಲ್ಕನೆಯದರ ಜಾಗದಲ್ಲಿ 'ಮಿಸ್ಸಿಂಗ್' ಎಂದು ಬರೆಯುವುದು. ಮೂರೇ ಡಿಸ್ಕಿನಲ್ಲಿ ಅದು ಕುಂಟುತ್ತಾ ನಡೆಯುತ್ತದೆ. ಫೋಟೊ ಎಲ್ಲ ಅಲ್ಲಿಗೆ ಸುರಿದು, ಹಳೇದನ್ನು ಅಳಿಸಿ ನಾಲ್ಕನೆಯದಾಗಿ ಕೊಡುವುದು. ಉಪಾಯ ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಹೋದರೂ 4 ಟಿಬಿ ಡಿಸ್ಕ್ ತುಂಬಲು ಸುಮಾರು ಏಳೂವರೆ ಗಂಟೆ ಬೇಕು. ಅಷ್ಟು ಹೊತ್ತೂ ಹೊಸ ಮೂರೂ ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಓದಬೇಕು, ಒಂದಕ್ಕೂ ಆಸರೆ ಇಲ್ಲ. ಮೂರರಲ್ಲಿ ಒಂದು ಆಗ ನಿಂತರೆ ಎಲ್ಲ ಹೋಯಿತು. ಅಷ್ಟರಲ್ಲಿ ಹಳೇ ಡಿಸ್ಕಿನ ಮೇಲೆ ರೇಡಿನ ಮಾಹಿತಿಯೂ ಪ್ಯಾರಿಟಿಯೂ (ಕಳೆದದ್ದನ್ನು ಲೆಕ್ಕಹಾಕಿ ಮರಳಿ ಪಡೆಯಲು ಇಡುವ ಮಾಹಿತಿ) ಬರೆದಾಗಿರುತ್ತೆ, ಹಿಂದಿರುಗಲು ದಾರಿಯಿಲ್ಲ.

ಅದೂ ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಡಿಸ್ಕುಗಳು. ಡಿಸ್ಕು ಹೆಚ್ಚಾಗಿ ಕೆಡುವುದು ಎಳೆತನದಲ್ಲಿ, ಇಲ್ಲವೆ ಮುಪ್ಪಿನಲ್ಲಿ. ಹಾಗಾಗಿ ಮೊದಲು ಅವನ್ನು ದುಡಿಸಿ ನೋಡು. ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್‌ನ ಲಾಂಗ್ ಟೆಸ್ಟ್ ಮಾಡು, ಆಮೇಲೆ ಕೆಟ್ಟ ಜಾಗ ಹುಡುಕುವ ಬ್ಯಾಡ್‌ಬ್ಲಾಕ್ಸ್ ಅನ್ನು ಬರೆಯುವ ಬಗೆಯಲ್ಲಿ ಓಡಿಸು. ಅದು ನಾಲ್ಕು ಸಲ ಬರೆದು ನಾಲ್ಕು ಸಲ ಓದುತ್ತದೆ, 4 ಟಿಬಿಗೆ ಎರಡೂವರೆ ದಿನ ಹಿಡಿಯುತ್ತೆ. ಕೊನೆಗೆ ಸ್ಮಾರ್ಟ್ ಪಟ್ಟಿಯಲ್ಲಿ (ಡಿಸ್ಕು ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ಕೆಟ್ಟ ಜಾಗಗಳನ್ನು ಎಣಿಸುವ 5, 197, 198 ಈ ಮೂರೂ ಸಾಲು ಸೊನ್ನೆ ಇರಬೇಕು. ಇಲ್ಲದಿದ್ದರೆ ಡಿಸ್ಕ್ ವಾಪಸ್ ಕೊಡು. ಮಾಹಿತಿ ಸಾಗುವಾಗಿನ ತಪ್ಪು ಎಣಿಸುವ 199 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಡಿಸ್ಕಿನದಲ್ಲ, ಸಾಟಾ ಕೇಬಲಿನದು.

ಒಂದು ಮಾತು. ಬ್ಯಾಡ್‌ಬ್ಲಾಕ್ಸ್ ಹೀಗೆ ಓಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಯುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಹಳೇದು ಮಷೀನಿನಲ್ಲೇ ಇದ್ದರೆ, ಒಂದಕ್ಷರ ತಪ್ಪಿದರೆ ಸಾಕು. ಅದಕ್ಕೇ ಹೇಳುವುದು, ಹಳೇ ಡಿಸ್ಕಿನ ಕೇಬಲ್ ಬಿಚ್ಚಿಡು.

ರೇಡ್ ಎಂಬುದು ನಕಲಲ್ಲ, ಅಂದರೆ ಬ್ಯಾಕಪ್ ಅಲ್ಲ ಕಣೋ. 1988ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದವರು ಆ ಹೆಸರಿನ ಪ್ರಬಂಧ ಬರೆದಾಗಿನಿಂದಲೂ ಅದರ ಕೆಲಸ ಡಿಸ್ಕು ಸತ್ತರೂ ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದು. ನೀನೇ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕು ಸೇರಿ ಅಷ್ಟೇ ನಿಷ್ಠೆಯಿಂದ ಅಳಿಸುತ್ತವೆ. ಪವರ್ ಸಪ್ಲೈ ಕೆಟ್ಟು ಹೆಚ್ಚು ವೋಲ್ಟೇಜ್ ಬಿಟ್ಟರೆ ನಾಲ್ಕೂ ಒಟ್ಟಿಗೇ ಹೋಗಬಹುದು. ನನ್ನ ಹಳೇ ನೋವು ಮನೆಯವರೆಲ್ಲ ಬಲ್ಲದ್ದೇ, ಇಲ್ಲಿ ತೆಗೆಯುವುದಿಲ್ಲ. ನಕಲು ಇದೆಯೆಂದು ನಂಬಿದ್ದವನು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀಯ. ನಿನ್ನ ಮಷೀನಿಗೆ ಯಜಮಾನ ನಾನಲ್ಲ, ಆದರೂ ಹೇಳುತ್ತೇನೆ. ನಿನ್ನ ಸಾಮಾನು ಒಂದೂವರೆ ಟಿಬಿ ಎಂದೆ. ನಾಲ್ಕು ಸೇರಿಸಿದ ರೇಡ್ 5ರ 12 ಟಿಬಿ ಯಾರಿಗೆ ಬೇಕು? ಹೊಸ ಎರಡನ್ನು ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಮಿರರ್ ಮಾಡು, ಅಂದರೆ ಎರಡರಲ್ಲೂ ಅದದೇ ಮಾಹಿತಿ ಇರಲಿ, 4 ಟಿಬಿ ಸಿಗುತ್ತೆ. ಬ್ಲಾಕ್ ಬ್ಲಾಕಿಗೂ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಇರುವುದರಿಂದ ಒಂದರಲ್ಲಿ ಕೊಳೆತದ್ದನ್ನು ಇನ್ನೊಂದರಿಂದ ತಾನೇ ತಿದ್ದಿಕೊಳ್ಳುತ್ತದೆ. ಪೂಲ್ (ಜೆಡ್‌ಎಫ್‌ಎಸ್‌ನಲ್ಲಿ ಡಿಸ್ಕುಗಳ ಕೂಟ) ಮಾಡುವಾಗ ರೀಬೂಟಿಗೆ ಬದಲಾಗದ 'ಬೈ-ಐಡಿ' ಹೆಸರುಗಳನ್ನೇ ಕೊಡು, ಬ್ಲಾಕಿನ ಅಳತೆ ಹೇಳುವ ಆ್ಯಶಿಫ್ಟ್ 12 ಇರಲಿ, ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಎಲ್ಲ ಓದಿ ತಪಾಸಣೆ. ಮೂರನೆಯ ಡಿಸ್ಕ್ ಪೂಲಿನ ಹೊರಗೇ ಇದ್ದು ವಾರವಾರದ ನಕಲಿಗೆ ಆಗಲಿ. ಹಳೇದು ಹಾಗೇ ಇರಲಿ, ಬೇರೆ ಸೂರಿನಡಿ.

ಜಾಗ ಸಾಲದೆ ಬಂದರೆ ಇನ್ನೆರಡು ತಂದು ಇನ್ನೊಂದು ಮಿರರ್ ಸೇರಿಸು. ಒಂಟಿ ಡಿಸ್ಕನ್ನು ಪೂಲ್ ನಡೆಸುವ ಜೆಡ್‌ಪೂಲ್ ಆಜ್ಞೆಯಲ್ಲಿ 'ಆ್ಯಡ್' ಮಾಡಬೇಡ. ಅದು ಆಸರೆಯಿಲ್ಲದ ಹೊಸ ಕಾಲಾಗುತ್ತದೆ, ಅದು ಮುರಿದರೆ ಪೂಲೇ ಹೋಗುತ್ತದೆ. ಇರುವ ಮಿರರಿಗೆ ಜೊತೆ ಕೊಡುವುದು 'ಅಟ್ಯಾಚ್'. ತಪ್ಪಿದರೆ ಆಜ್ಞೆಯೇ ತಡೆದು ಎಚ್ಚರಿಸುತ್ತದೆ. ಆಗ ಮೈನಸ್ ಎಫ್ ಎಂಬ ಆಯ್ಕೆ ಹಾಕಿ ಬಲವಂತ ಮಾಡುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಜೆಡ್‌ಎಫ್‌ಎಸ್ ಬದಲು ಅಂಥದ್ದೇ ಇನ್ನೊಂದು ವ್ಯವಸ್ಥೆಯಾದ ಬಿಟಿಆರ್‌ಎಫ್‌ಎಸ್ ಇಷ್ಟವೆಂದರೆ ಅದರ ರೇಡ್ 1 ಪರವಾಗಿಲ್ಲ, 5 ಮತ್ತು 6ರ ಹತ್ತಿರ ಹೋಗಬೇಡ. ಬರೀ ಸಿನಿಮಾ ತುಂಬಿಡಲು, ಹಲವು ಡಿಸ್ಕನ್ನು ಒಂದೇ ಫೋಲ್ಡರಿನಂತೆ ತೋರಿಸುವ ಮರ್ಜರ್‌ಎಫ್‌ಎಸ್ ಜೊತೆ, ಬೇರೆ ಡಿಸ್ಕಿನಲ್ಲಿ ಪ್ಯಾರಿಟಿ ಇಡುವ ಸ್ನ್ಯಾಪ್‌ರೇಡ್ ಸಾಕು. ಪ್ಯಾರಿಟಿ ಡಿಸ್ಕ್ ಮಾತ್ರ ಉಳಿದ ಯಾವುದಕ್ಕಿಂತಲೂ ಚಿಕ್ಕದಿರಬಾರದು.

ಮರೆಯುವ ಮುಂಚೆ: ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದು, ಕೇಸ್ ತೆರೆದೊಡನೆ ಕಾಣುವ ಅಂಚಿಗೆ ಅಂಟಿಸು. ಒಂದು ಕೆಟ್ಟ ದಿನ ಗಾಬರಿಯಲ್ಲಿ ಚೆನ್ನಾಗಿರುವುದನ್ನೇ ಎಳೆಯುವವರು ಬಹಳ. ಡಿಸ್ಕು ಎಸ್‌ಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ) ಬಗೆಯದೋ ಎಂದೂ ಮಾದರಿ ಸಂಖ್ಯೆ ನೋಡಿ ಖಚಿತ ಮಾಡಿಕೋ. ಆ ಬಗೆಯದಾದರೆ ಏಳೂವರೆ ಗಂಟೆಯ ಕೆಲಸ ದಿನಗಟ್ಟಲೆ ಎಳೆಯುತ್ತದೆ.

ಮತ್ತೆ ಅಲ್ಲಿಗೇ ಬಂದೆ ನೋಡು. ಫೋಟೊ ಹೊಸ ಪೂಲಿಗೆ ನಕಲು ಮಾಡುವ ದಿನ ಹಳೇದನ್ನು ರೀಡ್-ಓನ್ಲಿ ಮೌಂಟ್ ಮಾಡು. ಮುಗಿದ ಮೇಲೆ ಫೈಲು ನಕಲಿಸುವ ಆರ್‌ಸಿಂಕ್ ಅನ್ನು ಎ, ಎನ್, ಸಿ, ಐ ನಾಲ್ಕೂ ಆಯ್ಕೆ ಕೊಟ್ಟು ಇನ್ನೊಮ್ಮೆ ಓಡಿಸು. ಏನನ್ನೂ ಬರೆಯದೆ ಎರಡೂ ಕಡೆಯ ಫೈಲುಗಳ ಒಳಗನ್ನು ಹೋಲಿಸಿ, ವ್ಯತ್ಯಾಸವಿದ್ದವನ್ನಷ್ಟೇ ತೋರಿಸುತ್ತದೆ. ಪಟ್ಟಿ ಖಾಲಿ ಬಂದರೆ ಡಿಸ್ಕ್ ತೆಗೆದು, ಮೇಲೆ ತಾರೀಖು ಬರೆದು ನಿನ್ನಮ್ಮನ ಕೈಗೆ ಕೊಡು. ಆ ದಿನದವರೆಗೆ ಕೇಬಲ್ ಬಿಚ್ಚಿರಲಿ. ಬಿಚ್ಚಿದ್ದೀನಿ ಅಂತ ಒಂದು ಸಾಲು ಬರೆದು ಹಾಕು, ಉಳಿದದ್ದು ನಿಧಾನವಾಗಿ ಬರೆಯುವೆಯಂತೆ.

ಇತಿ,
ನಿನ್ನ ಮಾವ